ಡೆಸ್ಕ್‌ಟಾಪ್ ಒಳಗಿನ ಡಿಸ್ಕ್‌ಗೆ ಎಕ್ಸ್‌ಫ್ಯಾಟ್ ಹಾಕಿಸಬೇಡಿ

ಮಲೆನಾಡಿನಲ್ಲಿ ಕೂತು ಡೆಸ್ಕ್‌ಟಾಪ್ ಬಳಸುವವರಿಗೆ, ಅದರಲ್ಲೂ ವಿಡಿಯೊ, ಫೋಟೊ ಅಂತ ಜಾಸ್ತಿ ಫೈಲ್ ಇಟ್ಟುಕೊಂಡವರಿಗೆ ಈ ಎಚ್ಚರಿಕೆ. ಅಂಗಡಿಯವರು ಹೊಸ ಹಾರ್ಡ್‌ಡಿಸ್ಕ್ ಕೂರಿಸಿ ಕೊಟ್ಟಾಗ ಅದನ್ನು ಯಾವ ಫೈಲ್ ಸಿಸ್ಟಂನಲ್ಲಿ (ಡಿಸ್ಕ್‌ನಲ್ಲಿ ಫೈಲ್‌ಗಳ ಲೆಕ್ಕ ಇಡುವ ಪದ್ಧತಿ) ಫಾರ್ಮ್ಯಾಟ್ ಮಾಡಿದ್ದಾರೆ ಅಂತ ಅಲ್ಲೇ ನೋಡಿ. ವಿಂಡೋಸ್‌ನಲ್ಲಿ ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆದರೆ ಮೊದಲ ಪುಟದಲ್ಲೇ ಇರುತ್ತದೆ. ಅಲ್ಲಿ ಎಕ್ಸ್‌ಫ್ಯಾಟ್ (exFAT) ಅಂತ ಕಂಡರೆ ಡಿಸ್ಕ್ ತುಂಬುವ ಮೊದಲೇ ಬದಲಾಯಿಸಿಕೊಳ್ಳಿ. ತುಂಬಿದ ಮೇಲೆ ಕಷ್ಟ.

ನನ್ನದು ತೀರ್ಥಹಳ್ಳಿ ಕಡೆ. ತಾಳಮದ್ದಲೆ ರೆಕಾರ್ಡ್ ಮಾಡುವ ಹುಚ್ಚು. ಮಳೆಗಾಲ ಬಂತೆಂದರೆ ಬಯಲಾಟ ನಿಲ್ಲುತ್ತದೆ, ಜಗುಲಿಯ ಮೇಲೆ ಕೂಟ ಶುರುವಾಗುತ್ತದೆ. ಅರ್ಥ ಹೇಳುವ ಹಿರಿಯರಲ್ಲಿ ಕೆಲವರು ಈಗ ಇಲ್ಲ. ಅವರ ಮಾತುಗಳನ್ನೆಲ್ಲ ಒಂದೇ ಕಡೆ ಇಡೋಣ ಅಂತ 2 ಟಿಬಿಯ ಡಿಸ್ಕ್ ತಂದು ಶಿವಮೊಗ್ಗದ ಒಂದು ಅಂಗಡಿಯಲ್ಲಿ ಕೂರಿಸಿದ್ದೆ. ಕಂಪ್ಯೂಟರ್‌ನಲ್ಲಿ ವಿಂಡೋಸ್, ಅದರಂತೆಯೇ ಕಂಪ್ಯೂಟರ್ ನಡೆಸುವ ಲಿನಕ್ಸ್, ಎರಡೂ ಇವೆ. ಎಡಿಟಿಂಗ್ ನನ್ನದು, ಲಿನಕ್ಸ್ ಮಗಳದ್ದು. ಅದನ್ನು ಹೇಳಿದ್ದಕ್ಕೆ, "ಹಂಗಾದ್ರೆ ಎಕ್ಸ್‌ಫ್ಯಾಟ್ ಹಾಕ್ತೀನಿ ಸರ್, ಎರಡರಲ್ಲೂ ಓಪನ್ ಆಗತ್ತೆ, ತಲೆಬಿಸಿ ಇಲ್ಲ" ಅಂದರು. ಓಪನ್ ಆಗುವುದು ನಿಜವೇ. ಬರೆಯುತ್ತಿರುವಾಗ ಕರೆಂಟ್ ಹೋದರೆ ಏನಾಗುತ್ತದೆ ಅನ್ನೋದನ್ನು ಮಾತ್ರ ಹೇಳಲಿಲ್ಲ.

ಜುಲೈ ಮಳೆ ಹೇಗಿರುತ್ತದೆ ಅಂತ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಗಾಳಿಗೆ ಎಲ್ಲೋ ಕೊಂಬೆ ಮುರಿದು ಲೈನ್ ಮೇಲೆ ಬಿತ್ತು. ಕರೆಂಟ್ ಹೋಯ್ತು, ಬಂತು, ಮತ್ತೆ ಹೋಯ್ತು. ಆಗ ಕ್ಯಾಮೆರಾ ಕಾರ್ಡ್‌ನಿಂದ ಹೊಸ ಕೂಟದ ವಿಡಿಯೊ ಡಿಸ್ಕ್‌ಗೆ ಕಾಪಿ ಆಗುತ್ತಿತ್ತು. ಕಂಪ್ಯೂಟರ್ ಮತ್ತೆ ಏಳುವಾಗ ಆ ಫೋಲ್ಡರ್ ಖಾಲಿ.

ವಿಚಿತ್ರ ಏನು ಗೊತ್ತಾ? ಕಾಪಿ ಆಗುತ್ತಿದ್ದ ಹೊಸ ವಿಡಿಯೊ ಕಾರ್ಡ್‌ನಲ್ಲಿ ಸುರಕ್ಷಿತವಾಗಿತ್ತು. ಹೋದದ್ದು ಅದೇ ಫೋಲ್ಡರ್‌ನಲ್ಲಿದ್ದ ಹಳೆಯವು, ಯಾರೂ ಮುಟ್ಟದೆ ಇದ್ದವು.

ಇದು ಯಾಕೆ ಹೀಗೆ ಅಂತ ಆಮೇಲೆ ಓದಿ ತಿಳಿದುಕೊಂಡೆ. ಎಕ್ಸ್‌ಫ್ಯಾಟ್ ಅನ್ನು ಮೈಕ್ರೋಸಾಫ್ಟ್ 2006ರಲ್ಲಿ ತಂದದ್ದು ಪೆನ್‌ಡ್ರೈವ್, ಮೆಮೊರಿ ಕಾರ್ಡ್‌ಗಳಿಗೆ. ಹಳೆಯ ಫ್ಯಾಟ್32ರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಇಡಲು ಬರುತ್ತಿರಲಿಲ್ಲ. ಆ ತೊಂದರೆ ಇದರಲ್ಲಿಲ್ಲ. 32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್‌ಗಳು ಇದರಲ್ಲೇ ಬರುತ್ತವೆ. ಕಾರ್ಡ್‌ಗೆ ಸರಿ. ಆದರೆ ಇದರಲ್ಲಿ ಜರ್ನಲ್ ಇಲ್ಲ.

ಅಡಿಕೆ ಮಂಡಿಯಲ್ಲಿ ತೂಕ ಆದ ಕೂಡಲೇ ಚೀಟಿಯಲ್ಲಿ ಬರೆದು, ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುತ್ತಾರಲ್ಲ, ಜರ್ನಲ್ ಅಂದರೆ ಆ ಚೀಟಿ. ಏರಿಸುವವರು ಅರ್ಧಕ್ಕೆ ಎದ್ದು ಹೋದರೂ ಚೀಟಿ ನೋಡಿ ಲೆಕ್ಕ ಸರಿ ಮಾಡಬಹುದು. ಎಕ್ಸ್‌ಫ್ಯಾಟ್ ನೇರವಾಗಿ ಖಾತೆಯಲ್ಲೇ ತಿದ್ದುತ್ತದೆ. ಅಷ್ಟೇ ಅಲ್ಲ, ಫ್ಯಾಟ್32ರಲ್ಲಿ ಫೈಲ್‌ಗಳ ಜಾಗ ಬರೆದಿಡುವ ಪಟ್ಟಿಗೆ ಸಾಮಾನ್ಯವಾಗಿ ಎರಡು ಪ್ರತಿ ಇರುತ್ತಿತ್ತು. ಎಕ್ಸ್‌ಫ್ಯಾಟ್‌ನಲ್ಲಿ ಒಂದೇ. ಫೈಲ್ ಡಿಸ್ಕ್‌ನಲ್ಲಿ ಎಲ್ಲೂ ತುಂಡಾಗದೆ ಒಂದೇ ಕಡೆ ಕೂತಿದ್ದರೆ ಆ ಪಟ್ಟಿಯಲ್ಲೂ ಬರೆಯುವುದಿಲ್ಲ. ಎಲ್ಲಿ ಶುರು, ಎಷ್ಟು ಉದ್ದ ಅನ್ನೋದು ಫೋಲ್ಡರ್‌ನ ನಮೂದಿನಲ್ಲಿ ಮಾತ್ರ ಇರುತ್ತದೆ. ಆ ನಮೂದು ಕೆಟ್ಟರೆ ಫೈಲ್ ಡಿಸ್ಕ್‌ನಲ್ಲೇ ಇದ್ದರೂ ಎಲ್ಲಿದೆ ಅಂತ ಹೇಳುವವರಿಲ್ಲ. ಹೊಸ ಫೈಲ್ ಸೇರಿಸುವಾಗ ಆ ಫೋಲ್ಡರ್‌ನ ನಮೂದುಗಳನ್ನೇ ತಿದ್ದಬೇಕು. ಕೊಂಬೆ ಬಿದ್ದದ್ದು ಆಗಲೇ.

ಇಷ್ಟಕ್ಕೇ ನಿಂತಿದ್ದರೆ ನಾನು ಈ ಬರಹ ಬರೆಯುತ್ತಿರಲಿಲ್ಲ. ಡಿಸ್ಕ್ ಬಿಚ್ಚಿಕೊಂಡು ಅದೇ ಅಂಗಡಿಗೆ ಹೋದೆ. "ರಿಕವರಿ ಮಾಡ್ಕೊಡ್ತೀವಿ, ಬಿಟ್ಟು ಹೋಗಿ" ಅಂದರು. ಮಾಡಿದ್ದು ಇಷ್ಟು: ನನ್ನ ಡಿಸ್ಕ್ ಮೇಲೇ ವಿಂಡೋಸ್‌ನ ಚೆಕ್‌ಡಿಸ್ಕ್ ರಿಪೇರಿ ಓಡಿಸಿದರು. ಚೆಕ್‌ಡಿಸ್ಕ್‌ನ ಕೆಲಸ ಡಿಸ್ಕ್‌ನ ಲೆಕ್ಕ ಸರಿ ಮಾಡುವುದು. ನಿಮ್ಮ ಫೈಲ್ ಉಳಿಸುವುದು ಅದರ ಕೆಲಸವೇ ಅಲ್ಲ. ಯಾರದ್ದೆಂದು ಗೊತ್ತಾಗದ ತುಂಡುಗಳನ್ನು 'ಫೌಂಡ್.000' ಅನ್ನೋ ಫೋಲ್ಡರ್‌ಗೆ ಹಾಕಿ, 'ಫೈಲ್0000.ಸಿಎಚ್‌ಕೆ' ಅಂತ ಹೆಸರಿಟ್ಟು ಕೈ ತೊಳೆದುಕೊಳ್ಳುತ್ತದೆ. ಉಳಿದ ಜಾಗ ಖಾಲಿ ಅಂತ ಗುರುತು ಬೀಳುತ್ತದೆ. ಡಿಸ್ಕ್ ವಾಪಸ್ ಕೊಟ್ಟು, "ಈಗ ಎರರ್ ಬರಲ್ಲ ನೋಡಿ ಸರ್" ಅಂದರು. ಎರರ್ ಬರಲಿಲ್ಲ, ಸರಿ. ಫೈಲೂ ಬರಲಿಲ್ಲ. ರಿಕವರಿ ಚಾರ್ಜ್ ಮಾತ್ರ ತೆಗೆದುಕೊಂಡರು. ಕೇಳಿದ್ದಕ್ಕೆ, "ಕರೆಂಟ್ ನಮ್ ಕೈಲಿ ಇದ್ಯಾ ಸರ್?"

ಆದ್ದರಿಂದ ಇದನ್ನು ದಪ್ಪ ಅಕ್ಷರದಲ್ಲಿ ಓದಿಕೊಳ್ಳಿ: ಫೈಲ್ ಕಾಣೆಯಾದ ಡಿಸ್ಕ್‌ಗೆ ಯಾರೂ ಏನೂ ಬರೆಯಲು ಬಿಡಬೇಡಿ. ರಿಪೇರಿ ಅನ್ನುವುದೂ ಬರೆಯುವುದೇ. ಮೊದಲು ಇಡೀ ಡಿಸ್ಕ್‌ನ ಇಮೇಜ್, ಅಂದರೆ ಇದ್ದದ್ದು ಇದ್ದ ಹಾಗೇ ಪೂರ್ತಿ ಪ್ರತಿ, ಇನ್ನೊಂದು ಡಿಸ್ಕ್‌ಗೆ ತೆಗೆಯಬೇಕು. ಲಿನಕ್ಸ್‌ನಲ್ಲಿ ಡಿಡಿರೆಸ್ಕ್ಯೂ ಅಂತ ಒಂದು ಪುಕ್ಕಟೆ ಪ್ರೋಗ್ರಾಂ ಇದೆ, ಅದರಿಂದ ಆಗುತ್ತದೆ. ಹುಡುಕಾಟವೆಲ್ಲ ಆ ಪ್ರತಿಯ ಮೇಲೆ. "ಇಮೇಜ್ ತೆಗೀತೀರಾ?" ಅಂತ ಅಂಗಡಿಯಲ್ಲಿ ಕೇಳಿ. ಮುಖ ಮುಖ ನೋಡಿದರೆ ಡಿಸ್ಕ್ ಚೀಲಕ್ಕೆ ಹಾಕಿಕೊಂಡು ಹೊರಡಿ.

ನಂತರ ಮಗಳು ಫೋಟೊರೆಕ್ ಓಡಿಸಿದಳು. ಇದೂ ಪುಕ್ಕಟೆ. ಫೋಲ್ಡರ್ ಲೆಕ್ಕ ನೋಡದೆ, ಡಿಸ್ಕ್‌ನಲ್ಲಿ ಫೈಲ್‌ನ ಗುರುತು ಹುಡುಕಿ ಎತ್ತಿ ಕೊಡುತ್ತದೆ. ಹೆಸರು ಸಿಗುವುದಿಲ್ಲ. ಯಾವ ಪ್ರಸಂಗ, ಯಾರ ಅರ್ಥ ಅಂತ ಒಂದೊಂದನ್ನೂ ಕೇಳಿಯೇ ಗುರುತಿಸಬೇಕು. ಹಳೆಯ ಹ್ಯಾಂಡಿಕ್ಯಾಮ್‌ನ ಎಂಟಿಎಸ್ ಫೈಲ್‌ಗಳು ಅರ್ಧ ಸಿಕ್ಕರೂ ಅಷ್ಟಾದರೂ ಓಡಿದವು. ಎಂಪಿ4 ಹಾಗಲ್ಲ. ಅದರ ಸೂಚಿ ಎಷ್ಟೋ ಸಲ ಫೈಲ್‌ನ ಕೊನೆಯಲ್ಲಿರುತ್ತದೆ. ಬಾಲ ತಪ್ಪಿದರೆ ಇಡೀ ಫೈಲ್ ತೆರೆಯುವುದಿಲ್ಲ. ನನ್ನ ಒಳ್ಳೆಯ ರೆಕಾರ್ಡಿಂಗ್‌ಗಳೆಲ್ಲ ಎಂಪಿ4.

ಹಾಗಾದರೆ ಯಾವುದು ಹಾಕಿಸಬೇಕು? ಬರೀ ವಿಂಡೋಸ್ ಇದ್ದರೆ ಎನ್‌ಟಿಎಫ್‌ಎಸ್, ಯೋಚನೆಯೇ ಬೇಡ. 1993ರಿಂದ ಇದೆ, ಜರ್ನಲ್ ಇದೆ. ಬರೀ ಲಿನಕ್ಸ್ ಇದ್ದರೆ ಇಎಕ್ಸ್‌ಟಿ4. 2008ರಿಂದ ಕರ್ನಲ್‌ನಲ್ಲಿ (ಲಿನಕ್ಸ್‌ನ ತಿರುಳು) ಸ್ಥಿರವಾಗಿದೆ, ಹೆಚ್ಚು ಸದ್ದು ಮಾಡದೆ ಕೆಲಸ ಮಾಡುತ್ತದೆ. ಲಿನಕ್ಸ್‌ನದ್ದೇ ಆದ ಬಿಟಿಆರ್‌ಎಫ್‌ಎಸ್ ಇನ್ನೂ ಒಂದು ಹೆಜ್ಜೆ ಮುಂದೆ. ಫೈಲ್ ಒಳಗಿನ ಡೇಟಾಗೂ ಚೆಕ್‌ಸಮ್ (ಕೆಟ್ಟಿದೆಯಾ ಅಂತ ತಾಳೆ ನೋಡುವ ಸಂಖ್ಯೆ) ಇಡುತ್ತದೆ, ಸ್ನ್ಯಾಪ್‌ಶಾಟ್ (ಆ ಹೊತ್ತಿನ ಸ್ಥಿತಿ ಹಿಡಿದಿಡುವುದು) ಕೊಡುತ್ತದೆ. 2020ರಿಂದ ಫೆಡೋರಾ ಅನ್ನೋ ಲಿನಕ್ಸ್‌ನ ಡೆಸ್ಕ್‌ಟಾಪ್‌ನಲ್ಲಿ ಅದೇ ಡೀಫಾಲ್ಟ್. ಆದರೆ ಒಂದೇ ಡಿಸ್ಕ್ ಇದ್ದರೆ ಫೈಲ್ ಕೆಟ್ಟಿದೆ ಅಂತ ಹೇಳುತ್ತದೆಯೇ ಹೊರತು ಸರಿ ಮಾಡಲು ಇನ್ನೊಂದು ಪ್ರತಿ ಎಲ್ಲಿಂದ ತರಬೇಕು? ಅದರ ರೈಡ್ 5, ರೈಡ್ 6 (ಹಲವು ಡಿಸ್ಕ್ ಸೇರಿಸಿ ಬಳಸುವ ವಿಧಾನಗಳು) ಬೇಡ, ಅದನ್ನು ಮಾಡಿದವರೇ ಬೇಡ ಅನ್ನುತ್ತಾರೆ. ಯಾರಾದರೂ ಹಳೆಯ ಅಭ್ಯಾಸದಲ್ಲಿ ರೈಸರ್‌ಎಫ್‌ಎಸ್ ಅನ್ನೋ ಲಿನಕ್ಸ್‌ನ ಹಳೆಯ ಫೈಲ್ ಸಿಸ್ಟಂ ಹಾಕಿಸಿ ಅಂದರೆ ಕೇಳಬೇಡಿ. 2025ರಲ್ಲಿ ಬಂದ ಲಿನಕ್ಸ್ 6.13ರಲ್ಲಿ ಅದನ್ನು ತೆಗೆದೇ ಹಾಕಿದ್ದಾರೆ.

ನನ್ನಂತೆ ಎರಡೂ ಇದ್ದರೆ ಎನ್‌ಟಿಎಫ್‌ಎಸ್ಸೇ ಸಾಕು. ಲಿನಕ್ಸ್ ಅದನ್ನು ಎಷ್ಟೋ ಕಾಲದಿಂದ ಓದಿ ಬರೆಯುತ್ತದೆ. 2021ರ 5.15 ಕರ್ನಲ್‌ನಿಂದ ಅದಕ್ಕೆ ಹೊಸ ಡ್ರೈವರ್ ಒಳಗೇ ಬಂದಿದೆ. ಅಂಗಡಿಯವರು ಕೊಟ್ಟ ಕಾರಣಕ್ಕೆ ಅರ್ಥವೇ ಇರಲಿಲ್ಲ ಅಂತಾಯ್ತಲ್ವಾ? ಒಂದೇ ಕೆಲಸ ಇದೆ: ವಿಂಡೋಸ್‌ನಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿ. ಅದು ಆನ್ ಇದ್ದರೆ ಶಟ್‌ಡೌನ್ ಅನ್ನುವುದು ಪೂರ್ತಿ ಶಟ್‌ಡೌನ್ ಆಗಿರುವುದಿಲ್ಲ. ಆಗ ಲಿನಕ್ಸ್ ಆ ಡಿಸ್ಕ್‌ಗೆ ಬರೆಯಲು ಒಪ್ಪದೆ ಇರಬಹುದು.

ಜರ್ನಲ್ ಇದ್ದರೆ ಎಲ್ಲ ಉಳಿಯುತ್ತದೆ ಅಂತಲ್ಲ. ಅದು ಕಾಯುವುದು ಮುಖ್ಯವಾಗಿ ಡಿಸ್ಕ್‌ನ ಲೆಕ್ಕವನ್ನು. ಆ ಗಳಿಗೆಯಲ್ಲಿ ಬರೆಯುತ್ತಿದ್ದ ಫೈಲ್ ಹೋಗಬಹುದು, ಹಳೆಯವು ಸಾಮಾನ್ಯವಾಗಿ ಉಳಿಯುತ್ತವೆ. ಅದೂ ಡಿಸ್ಕ್ "ಬರೆದೆ" ಅಂದಾಗ ನಿಜಕ್ಕೂ ಬರೆದಿದ್ದರೆ. ಡಿವೈಸ್ ಮ್ಯಾನೇಜರ್‌ನಲ್ಲಿ ಡಿಸ್ಕ್‌ನ ಪಾಲಿಸೀಸ್ ಪುಟಕ್ಕೆ ಹೋಗಿ ನೋಡಿ. ರೈಟ್ ಕ್ಯಾಶ್ ಬಫರ್ ಫ್ಲಶಿಂಗ್ (ತಾತ್ಕಾಲಿಕವಾಗಿ ಇಟ್ಟುಕೊಂಡದ್ದನ್ನು ಡಿಸ್ಕ್‌ಗೆ ಬರೆಸುವುದು) ಆಫ್ ಮಾಡುವ ಆಯ್ಕೆಗೆ ಟಿಕ್ ಬಿದ್ದಿದ್ದರೆ ತೆಗೆಯಿರಿ. ಸ್ಪೀಡ್ ಬರಲಿ ಅಂತ ನನ್ನದಕ್ಕೂ ಹಾಕಿಟ್ಟಿದ್ದರು.

ಮನೆಯ ಇನ್ವರ್ಟರ್ ನಂಬಿ ಕೂತವರೂ ನೋಡಿಕೊಳ್ಳಿ. ಹೆಚ್ಚಿನವಕ್ಕೆ ಯುಪಿಎಸ್ ಮೋಡ್ (ಕರೆಂಟ್ ಹೋದಾಗ ಬೇಗ ಬ್ಯಾಟರಿಗೆ ಬದಲಾಗುವುದು) ಅಂತ ಒಂದು ಸ್ವಿಚ್ ಇರುತ್ತದೆ, ಸಾಮಾನ್ಯವಾಗಿ ಹಿಂದುಗಡೆ. ಅದು ಇನ್ವರ್ಟರ್ ಮೋಡ್‌ನಲ್ಲಿದ್ದರೆ ಫ್ಯಾನ್, ಲೈಟಿಗೆ ಏನೂ ಗೊತ್ತಾಗುವುದಿಲ್ಲ, ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆಗುತ್ತದೆ. ನಮ್ಮನೆಯದ್ದು ಕೂರಿಸಿದವರು ಹಾಗೇ ಬಿಟ್ಟು ಹೋಗಿದ್ದರು.