ಬೆಂಕಿ ಬಿದ್ದ ಪದವು: ಫೋನೋ, ಕ್ಯಾಮೆರಾವೋ?

ಬೇಸಿಗೆಯಲ್ಲಿ ಕಾಸರಗೋಡಿನ ಪದವುಗಳ, ಅಂದರೆ ಮುರಕಲ್ಲಿನ ಎತ್ತರದ ಬಯಲುಗಳ, ಮುಳಿಹುಲ್ಲು ಹೊತ್ತಿಕೊಂಡರೆ ಬೆಂಕಿ ಗೇರುತೋಟಕ್ಕೂ ಮನೆಯಂಗಳಕ್ಕೂ ಇಳಿಯಬಹುದು. ಮರುದಿನ ಚಿತ್ರ ತೆಗೆಯುವುದು ಯಾತಕ್ಕೆ ಎಂಬುದರ ಮೇಲೆ ಆಯ್ಕೆ ನಿಂತಿದೆ.

ಕೃಷಿಭವನಕ್ಕೆ ನಷ್ಟದ ಅರ್ಜಿ ಕೊಡುವುದಿದ್ದರೆ ಫೋನೇ ಸಾಕು. ಲೊಕೇಶನ್ ಆನ್ ಇದ್ದರೆ ಜಾಗ, ದಿನ, ಹೊತ್ತು ಫೈಲಿನಲ್ಲೇ ಉಳಿಯುತ್ತವೆ. ವಾಟ್ಸಾಪಿನಲ್ಲಿ ಮಾಮೂಲು ಫೋಟೋ ಆಗಿ ಕಳಿಸಿದರೆ ಆ ಜಾಗದ ಗುರುತು ಅಳಿದುಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ. ಸುಟ್ಟ ಬುಡದ ಪಕ್ಕ ಅಳತೆಪಟ್ಟಿ ಇಟ್ಟು ಒಂದು, ದೂರದಿಂದ ಇಡೀ ಸಾಲು ಕಾಣುವಂತೆ ಒಂದು. ಫೋನಿನ ಕಾಟವೆಂದರೆ ಕತ್ತಲು-ಬೆಳಕನ್ನು ತಾನೇ ಸರಿದೂಗಿಸುವ ಎಚ್‌ಡಿಆರ್: ನೆರಳನ್ನೆಲ್ಲ ಎತ್ತಿ ಮಸಿಯನ್ನು ಬೂದುಬಣ್ಣ ಮಾಡುತ್ತದೆ, ಸುಟ್ಟ ಮರ ಬರೀ ಒಣಗಿದಂತೆ ಕಾಣುತ್ತದೆ. ಪರದೆ ಮುಟ್ಟಿ ಬೆಳಕು ತಗ್ಗಿಸಿ.

ಪತ್ರಿಕೆಗೋ ಪ್ರದರ್ಶನಕ್ಕೋ ಆದರೆ ಕ್ಯಾಮೆರಾ, ಅದೂ ರಾ ಫೈಲಿನಲ್ಲಿ (ಕ್ಯಾಮೆರಾ ತಿದ್ದದೆ ಹಾಗೇ ಉಳಿಸುವ ಫೈಲು). ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಕೂಡ ಕರಿಯನ್ನು ಕಂಡು ಕತ್ತಲೆಂದು ಮೋಸಹೋಗಿ ಚಿತ್ರವನ್ನು ಬೆಳಗಿಸುತ್ತದೆ. ಫ್ರೇಮ್ ತುಂಬ ಮಸಿಯಿದ್ದರೆ ಎಕ್ಸ್‌ಪೋಶರ್ 2/3ರಿಂದ 1 ಸ್ಟಾಪ್ ಇಳಿಸಿ (ಒಂದು ಸ್ಟಾಪ್ ಎಂದರೆ ಬೆಳಕು ಅರ್ಧಕ್ಕೆ). ಅಲ್ಲಿ ಲೆನ್ಸ್ ಬದಲಿಸಿದಿರೋ, ಬೂದಿ ನೇರ ಸೆನ್ಸರ್ ಮೇಲೆ. 24–70 ಎಂಎಂ ಜೂಮ್ ಲೆನ್ಸ್ ಒಂದನ್ನೇ ಹಾಕಿಕೊಂಡು ಹೋಗಿ. ಗಾಜಿನ ಮೇಲೆ ಕೂತ ಬೂದಿಯನ್ನು ಬಟ್ಟೆಯಿಂದ ಒರೆಸಿದರೆ ಗೀರು ಬೀಳುತ್ತದೆ, ಮೊದಲು ರಬ್ಬರ್ ಬ್ಲೋವರಿನಿಂದ ಊದಿ.