ಹತ್ತು ರೂಪಾಯಿಯ ಅರ್ಜಿ: ವರದಿಗಾರನೊಬ್ಬನ ಸೇವಾ ವಿಮರ್ಶೆ

ರಾಜ್ಯ ರಾಜಕೀಯದ ಸುದ್ದಿ ಬರೆಯುವವರಲ್ಲಿ ಮಾಹಿತಿ ಹಕ್ಕು ಅರ್ಜಿಯ ಬಗ್ಗೆ ಎರಡು ಅಭಿಪ್ರಾಯಗಳಿವೆ. ಅದರಿಂದ ಏನೂ ಸಿಗುವುದಿಲ್ಲ ಎನ್ನುವವರು ಕೆಲವರು. ಅದೊಂದಿದ್ದರೆ ವಿಧಾನಸೌಧದ ಬೀರುಗಳೆಲ್ಲ ತೆರೆದುಕೊಳ್ಳುತ್ತವೆ ಎನ್ನುವವರು ಇನ್ನು ಕೆಲವರು. ಬೆಂಗಳೂರಿನಲ್ಲಿ ವರದಿಗಾರನಾಗಿ ಈ ಸೇವೆಯನ್ನು ಬಹುಕಾಲದಿಂದ ಬಳಸುತ್ತಿರುವ ನನ್ನ ತೀರ್ಮಾನ ಬೇರೆ. ಇಂದಿನ ಸುದ್ದಿಗೆ ಇದು ಕೆಲಸಕ್ಕೆ ಬಾರದು. ಆದರೆ ಆರು ತಿಂಗಳ ಹಿಂದೆ ಮುಖಪುಟದಲ್ಲಿ ಬಂದು ಮರೆಯಾದ ಘೋಷಣೆ ಮುಂದೇನಾಯಿತು ಎಂದು ಬೆನ್ನು ಹತ್ತುವವರಿಗೆ, ಕಡತದ ಸಂಖ್ಯೆ ಕೈಯಲ್ಲಿದ್ದರೆ, ಇದಕ್ಕಿಂತ ಅಗ್ಗದ ಮತ್ತು ನಂಬಲರ್ಹವಾದ ಸಾಧನ ಇನ್ನೊಂದಿಲ್ಲ.

ಬೆಲೆಯ ಬಗ್ಗೆ ದೂರುವಂತಿಲ್ಲ. ಅರ್ಜಿಯ ಶುಲ್ಕ 10 ರೂಪಾಯಿ, ಪ್ರತಿ ಪುಟಕ್ಕೆ 2 ರೂಪಾಯಿ. ಭಾರತೀಯ ಅಂಚೆ ಆರ್ಡರ್ ಲಗತ್ತಿಸಿ ಅರ್ಜಿಯನ್ನು ಅಂಚೆಯಲ್ಲಿ ಕಳುಹಿಸಬಹುದು, ಇಲ್ಲವೇ ರಾಜ್ಯದ ಆನ್‌ಲೈನ್ ಜಾಲತಾಣದಲ್ಲಿ ಸಲ್ಲಿಸಬಹುದು. 2005ರ ಕಾಯ್ದೆಯ ಪ್ರಕಾರ 30 ದಿನಗಳೊಳಗೆ ಉತ್ತರ ಬರಬೇಕು. ಅವಧಿ ಮೀರಿದರೆ ಮಾಹಿತಿಯನ್ನು ಉಚಿತವಾಗಿ ಕೊಡಬೇಕು. ಇಷ್ಟು ಅಂಕಣಗಳಲ್ಲಿ ಎಲ್ಲರೂ ಬರೆಯುತ್ತಾರೆ. ಬರೆಯದೇ ಬಿಡುವುದೇನೆಂದರೆ, ನಕಲು ಶುಲ್ಕ ಕಟ್ಟಿ ಎಂದು ಕಚೇರಿ ಪತ್ರ ಕಳುಹಿಸಿದ ದಿನದಿಂದ ನಾವು ಹಣ ಕಟ್ಟುವ ದಿನದವರೆಗಿನ ಕಾಲ ಈ 30 ದಿನಗಳ ಲೆಕ್ಕಕ್ಕೆ ಸೇರುವುದಿಲ್ಲ. ಆ ಪತ್ರ ಇಪ್ಪತ್ತೊಂಬತ್ತನೆಯ ದಿನ ಹೊರಟರೂ ಕಾಯ್ದೆಯ ಪಾಲನೆಯಾದಂತೆಯೇ.

ಕರ್ನಾಟಕದ ನಿಯಮಗಳಲ್ಲಿ ಇನ್ನೊಂದು ಷರತ್ತಿದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ. ಸಂಧಿ ಸಮಾಸಗಳ ಕೃಪೆಯಿಂದ ಕನ್ನಡದಲ್ಲಿ ಬರೆಯುವವರಿಗೆ ಇದು ಅಷ್ಟೇನೂ ಕಷ್ಟವಲ್ಲ. ಆದರೆ ಒಂದು ಯೋಜನೆ ನಗರಾಭಿವೃದ್ಧಿ, ಆರ್ಥಿಕ ಮತ್ತು ಕಂದಾಯ ಇಲಾಖೆಗಳ ನಡುವೆ ಹಂಚಿಹೋಗಿದ್ದಾಗ, ಎಲ್ಲಿಗೆ ವಿಷಯ ಮುಗಿಯಿತು ಎಂಬುದನ್ನು ಅರ್ಜಿ ತೆಗೆದುಕೊಳ್ಳುವ ಅಧಿಕಾರಿಯೇ ನಿರ್ಧರಿಸುತ್ತಾರೆ. ಮೂರು ಇಲಾಖೆಗೆ ಮೂರು ಅರ್ಜಿ ಹಾಕುವುದೇ ಲೇಸು.

ಈ ಸೇವೆ ವರದಿಗಾರನಿಗೆ ಏಕೆ ಬೇಕು ಎಂಬುದಕ್ಕೆ ಸರ್ಕಾರದ ಕೆಲಸದ ಕ್ರಮವನ್ನೇ ನೋಡಬೇಕು. ಸಂಪುಟ ಸಭೆಯ ನಂತರ ಸಚಿವರು ಸುದ್ದಿಗಾರರಿಗೆ ವಿವರ ಕೊಡುತ್ತಾರೆ, ಮರುದಿನ ‘ಸಂಪುಟ ಅಸ್ತು’ ಎಂಬ ಶೀರ್ಷಿಕೆ ಬರುತ್ತದೆ, ಅಲ್ಲಿಗೆ ಬಹುತೇಕ ಪತ್ರಿಕೆಗಳ ಮಟ್ಟಿಗೆ ಸುದ್ದಿ ಮುಗಿಯುತ್ತದೆ. ಸರ್ಕಾರದ ಮಟ್ಟಿಗೆ ಅದು ಆರಂಭ ಮಾತ್ರ. ಒಪ್ಪಿಗೆ ತಾತ್ವಿಕವೋ ಆಡಳಿತಾತ್ಮಕವೋ, ಆದೇಶ ಹೊರಬಿತ್ತೇ, ಆರ್ಥಿಕ ಇಲಾಖೆ ಯಾವ ಷರತ್ತು ಹಾಕಿತು, ಟೆಂಡರ್ ಕರೆದರೇ ಅಥವಾ ಟೆಂಡರ್ ಇಲ್ಲದೆ ಕೆಲಸ ಕೊಡಲು ಪಾರದರ್ಶಕತೆ ಕಾಯ್ದೆಯ 4(ಜಿ) ವಿನಾಯಿತಿ ಪಡೆದರೇ, ಅನುದಾನ ಎಷ್ಟು ಕಂತುಗಳಲ್ಲಿ ಬಿಡುಗಡೆಯಾಯಿತು, ಹಣಬಳಕೆ ಪ್ರಮಾಣಪತ್ರ ಬಂತೇ ಎಂಬ ಪ್ರಶ್ನೆಗಳ ಉತ್ತರಗಳೆಲ್ಲ ಕಾಗದದಲ್ಲಿ ಇರುತ್ತವೆ. ಸಂಪುಟದ ಕಡತವನ್ನು ತೀರ್ಮಾನಕ್ಕೆ ಮೊದಲು ಕೇಳಿದರೆ ಕಲಂ 8(1)(ಐ) ಅಡ್ಡ ಬರುತ್ತದೆ. ತೀರ್ಮಾನವಾಗಿ ವಿಷಯ ಮುಗಿದ ಮೇಲೆ ಅದೇ ಕಲಂ ಬಾಗಿಲು ತೆರೆಯುತ್ತದೆ. ಹೀಗಾಗಿ ಬೆನ್ನು ಹತ್ತುವ ಸುದ್ದಿಗೆ ತಡವೇ ಅನುಕೂಲ.

ಅರ್ಜಿಯ ಯಶಸ್ಸು ನಿಂತಿರುವುದು ಅದನ್ನು ಬರೆಯುವ ರೀತಿಯ ಮೇಲೆ. ‘ಈ ಯೋಜನೆ ಏಕೆ ವಿಳಂಬವಾಯಿತು?’ ಎಂದು ಕೇಳಿದರೆ, ಮಾಹಿತಿಯು ಪ್ರಶ್ನಾರ್ಥಕ ರೂಪದಲ್ಲಿದ್ದು ಒದಗಿಸಲು ಅವಕಾಶವಿರುವುದಿಲ್ಲ ಎಂಬ ಹಿಂಬರಹ (ಕಚೇರಿಯ ಲಿಖಿತ ಉತ್ತರ) ಬರುವುದು ಖಚಿತ. ಸರ್ಕಾರಿ ಆದೇಶವೊಂದನ್ನು ಎದುರಿಗಿಟ್ಟುಕೊಳ್ಳಬೇಕು. ‘ಕರ್ನಾಟಕ ಸರ್ಕಾರದ ನಡವಳಿಗಳು’ ಎಂಬ ತಲೆಬರಹದ ಕೆಳಗೆ ಆದೇಶದ ಸಂಖ್ಯೆ ಇರುತ್ತದೆ. ಇಲಾಖೆಯ ಹ್ರಸ್ವಾಕ್ಷರ (ನಗರಾಭಿವೃದ್ಧಿಗೆ ‘ನಅಇ’), ಕ್ರಮಸಂಖ್ಯೆ, ಶಾಖೆಯ ಗುರುತು, ವರ್ಷ. ಅದೇ ಕಡತದ ಸಂಖ್ಯೆಯೂ ಹೌದು. ‘ಓದಲಾಗಿದೆ’ ಎಂಬ ಭಾಗದಲ್ಲಿ ಹಿಂದಿನ ಪತ್ರಗಳ ದಿನಾಂಕಗಳು ಸಾಲಾಗಿ ಸಿಗುತ್ತವೆ. ಇವನ್ನೆಲ್ಲ ಅರ್ಜಿಯಲ್ಲಿ ನಮೂದಿಸಿ, ಸದರಿ ಕಡತದ ಟಿಪ್ಪಣಿ ಹಾಗೂ ಪತ್ರವ್ಯವಹಾರದ ಪರಿಶೀಲನೆಗೆ ಅವಕಾಶ ಕೋರಿದೆ ಎಂದರೆ, ಕಡತ ಲಭ್ಯವಿಲ್ಲ ಎನ್ನುವುದು ಅಧಿಕಾರಿಗೆ ಕಷ್ಟವಾಗುತ್ತದೆ.

ನಾನು ಈ ಸೇವೆಗೆ ಹೆಚ್ಚು ಅಂಕ ಕೊಡುವುದು ಈ ಪರಿಶೀಲನೆಯ ಕಾರಣಕ್ಕೇ. ಕಲಂ 2(ಜೆ) ಪ್ರಕಾರ ದಾಖಲೆಗಳನ್ನು ನೋಡಬಹುದು, ಟಿಪ್ಪಣಿ ಮಾಡಿಕೊಳ್ಳಬಹುದು, ಬೇಕಾದ ಪುಟಗಳನ್ನಷ್ಟೇ ನಕಲು ಪಡೆಯಬಹುದು. ಬಹುಮಹಡಿ ಕಟ್ಟಡದ ಶಾಖೆಯೊಂದರಲ್ಲಿ ವಿಷಯ ನಿರ್ವಾಹಕರ (ಕಡತ ನೋಡಿಕೊಳ್ಳುವ ಸಿಬ್ಬಂದಿಯ) ಮೇಜಿನ ಪಕ್ಕ ಕುರ್ಚಿ ಹಾಕಿಸಿಕೊಂಡು ರಸ್ತೆ ಕಾಮಗಾರಿಯೊಂದರ ಕಡತ ಓದಿದ್ದು ನೆನಪಿದೆ. ಮೊದಲ ಕಂಡಿಕೆಗಳಲ್ಲಿ ವಿಷಯ ನಿರ್ವಾಹಕರ ಶಿಸ್ತಿನ ವಿವರಣೆ. ಶಾಖಾಧಿಕಾರಿಗಳಿಂದ ‘ಆರ್ಥಿಕ ಇಲಾಖೆಯ ಸಹಮತಿ ಪಡೆಯುವುದು ಸೂಕ್ತ’ ಎಂಬ ಸಲಹೆ. ಆ ಮೇಲೆ ಹಿರಿಯರೊಬ್ಬರ ಒಂದೇ ಪದ, ‘ಚರ್ಚಿಸಿ’. ಅದಾದ ನಂತರ ಹಲವು ವಾರ ಕಡತದಲ್ಲಿ ಏನೂ ಇಲ್ಲ. ಮುಂದಿನ ಕಂಡಿಕೆ ಬರುವ ಹೊತ್ತಿಗೆ ಆರ್ಥಿಕ ಇಲಾಖೆಯ ಮಾತೇ ಮಾಯವಾಗಿ, ‘ಚರ್ಚಿಸಿದಂತೆ ಮಂಡಿಸಿದೆ’ ಎಂಬ ಸಾಲಿನಿಂದ ಪ್ರಸ್ತಾವನೆ ಹೊಸದಾಗಿ ಶುರುವಾಗಿತ್ತು. ಪತ್ರಿಕಾ ಪ್ರಕಟಣೆಯಲ್ಲಿ ಇದು ಸಿಗುವುದಿಲ್ಲ, ಆದೇಶದಲ್ಲೂ ಸಿಗುವುದಿಲ್ಲ. ಅಭಿಪ್ರಾಯ ಮತ್ತು ಸಲಹೆಗಳೂ ಮಾಹಿತಿಯೇ ಎಂದು ಕಲಂ 2(ಎಫ್) ಸ್ಪಷ್ಟವಾಗಿ ಹೇಳಿರುವುದರಿಂದಲೇ ಟಿಪ್ಪಣಿ ಹಾಳೆ ನಮ್ಮ ಕೈಗೆ ಬರುತ್ತದೆ. ಪರಿಶೀಲನೆಗೆ ಐದಕ್ಕೆ ನಾಲ್ಕೂವರೆ. ನಕಲು ತರಿಸಿಕೊಳ್ಳುವುದಕ್ಕೆ ಎರಡೂವರೆ, ಅದೂ ಉದಾರವಾಗಿ.

ಬೆಂಗಳೂರಿನವರಿಗೆ ಇದರ ಅಗತ್ಯ ಉಳಿದವರಿಗಿಂತ ಹೆಚ್ಚು. ಬಿಬಿಎಂಪಿಯ ಚುನಾಯಿತ ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್‌ನಲ್ಲಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಕಸದ ಟೆಂಡರ್, ವೈಟ್ ಟಾಪಿಂಗ್ (ರಸ್ತೆಗೆ ಕಾಂಕ್ರೀಟ್ ಹೊದಿಕೆ), ಕೆರೆಗಳ ಬಗ್ಗೆ ಪಾಲಿಕೆ ಸಭೆಯಲ್ಲಿ ಎದ್ದು ನಿಂತು ಕೇಳುವ ಸದಸ್ಯರೇ ಇಲ್ಲದಿದ್ದಾಗ ಆ ಪ್ರಶ್ನೆಗಳು ಅರ್ಜಿಯ ರೂಪ ತಾಳಿದವು. ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆಯಂತೆ 2025ರಲ್ಲಿ ನಗರಕ್ಕೆ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳಾದವು. ಈಗ ಹಳೆಯ ವಾರ್ಡಿನ ಕಡತ ಯಾವ ಪಾಲಿಕೆಯ ಯಾವ ಕಚೇರಿಯಲ್ಲಿದೆ ಎಂಬುದೇ ಮೊದಲ ಪ್ರಶ್ನೆ. ತಪ್ಪು ಕಚೇರಿಗೆ ಹೋದ ಅರ್ಜಿಯನ್ನು ಐದು ದಿನಗಳೊಳಗೆ ಸರಿಯಾದ ಕಚೇರಿಗೆ ವರ್ಗಾಯಿಸಬೇಕು ಎಂದು ಕಲಂ 6(3) ಹೇಳುವುದರಿಂದ, ಆ ಕಲಮನ್ನು ಅರ್ಜಿಯ ಕೊನೆಯಲ್ಲಿ ಉಲ್ಲೇಖಿಸುವುದನ್ನು ಮರೆಯಬಾರದು.

ಇದಕ್ಕೆ ಪರ್ಯಾಯವೂ ಇದೆ, ಅದು ಉಚಿತ. ವಿಧಾನಸಭೆಯ 224 ಮತ್ತು ಪರಿಷತ್ತಿನ 75 ಸದಸ್ಯರು ಕೇಳುವ ಚುಕ್ಕೆ ಗುರುತಿನ (ಸದನದಲ್ಲಿ ಉತ್ತರಿಸುವ) ಹಾಗೂ ಚುಕ್ಕೆರಹಿತ (ಲಿಖಿತ ಉತ್ತರದ) ಪ್ರಶ್ನೆಗಳ ಉತ್ತರಗಳು ವಿಧಾನಮಂಡಲದ ಜಾಲತಾಣದಲ್ಲಿ ಸಿಗುತ್ತವೆ. ಅನುಬಂಧಗಳಲ್ಲಿ ಕ್ಷೇತ್ರವಾರು, ತಾಲ್ಲೂಕುವಾರು ಅಂಕಿಗಳೂ ಇರುತ್ತವೆ. ಅಂಕಿ ಸಂಖ್ಯೆ ಬೇಕಾದವರು ಮೊದಲು ಅಲ್ಲಿ ಹುಡುಕುವುದೇ ಜಾಣತನ. ಆದರೆ ಅಧಿವೇಶನವಿಲ್ಲದ ತಿಂಗಳುಗಳಲ್ಲಿ ಆ ಬಾವಿ ಬತ್ತಿರುತ್ತದೆ. ಸಚಿವರು ಹೇಳಲು ಒಪ್ಪಿದ್ದಷ್ಟೇ ಅಲ್ಲಿ ಸಿಗುತ್ತದೆ, ಕಡತದ ಒಳಗಿನ ಭಿನ್ನಾಭಿಪ್ರಾಯ ಸಿಗುವುದಿಲ್ಲ.

ಸೇವೆ ಸೋಲುವುದು ಮೇಲ್ಮನವಿಯ ಹಂತದಲ್ಲಿ. ಮೊದಲ ಮೇಲ್ಮನವಿಯನ್ನು 30 ದಿನಗಳಲ್ಲಿ ಸಲ್ಲಿಸಬೇಕು, ಅದನ್ನು ಹೆಚ್ಚೆಂದರೆ 45 ದಿನಗಳಲ್ಲಿ ತೀರ್ಮಾನಿಸಬೇಕು. ಕೇಳುವವರು ಅದೇ ಇಲಾಖೆಯ ಹಿರಿಯ ಅಧಿಕಾರಿ. ಅಲ್ಲಿಂದ 90 ದಿನಗಳೊಳಗೆ ದೇವರಾಜ ಅರಸು ರಸ್ತೆಯ ಮಾಹಿತಿ ಸೌಧದಲ್ಲಿರುವ ರಾಜ್ಯ ಮಾಹಿತಿ ಆಯೋಗಕ್ಕೆ ಎರಡನೆಯ ಮೇಲ್ಮನವಿ. ಅದನ್ನು ಇಂತಿಷ್ಟು ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂಬ ಗಡುವನ್ನು ಕಾಯ್ದೆಯೇ ವಿಧಿಸಿಲ್ಲ; ಇದು ಕಾಯ್ದೆ ರೂಪಿಸಿದವರು ಬಿಟ್ಟ ದೊಡ್ಡ ರಂಧ್ರ ಎಂಬುದು ನನ್ನ ಅಭಿಪ್ರಾಯ. ದಿನಕ್ಕೆ 250 ರೂಪಾಯಿಯಂತೆ ಗರಿಷ್ಠ 25,000 ರೂಪಾಯಿ ದಂಡ ಹಾಕುವ ಅಧಿಕಾರ ಆಯೋಗಕ್ಕಿದೆ, ಆದರೆ ಅಲ್ಲಿಗೆ ತಲುಪುವ ಹೊತ್ತಿಗೆ ಸಚಿವರ ಖಾತೆ ಬದಲಾಗಿ, ಅಧಿಕಾರಿ ವರ್ಗವಾಗಿ, ಸಂಪಾದಕರು ಆ ಸುದ್ದಿಯನ್ನೇ ಮರೆತಿರುತ್ತಾರೆ.

ಹೊಸದಾಗಿ ಅರ್ಜಿ ಹಾಕುವವರು ಗಮನಿಸಬೇಕಾದ ಬದಲಾವಣೆಯೊಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಮಾಹಿತಿ ಹಕ್ಕಿನ ಕಲಂ 8(1)(ಜೆ)ಯನ್ನು ತಿದ್ದಿ, ವೈಯಕ್ತಿಕ ಮಾಹಿತಿಯನ್ನು ನಿರಾಕರಿಸುವುದಕ್ಕೆ ಆ ಕಲಂನ ಒಳಗೇ ಇದ್ದ ಸಾರ್ವಜನಿಕ ಹಿತದ ಪರೀಕ್ಷೆಯನ್ನು ತೆಗೆದುಹಾಕಿದೆ. ಫಲಾನುಭವಿಗಳ ಪಟ್ಟಿ, ಅಧಿಕಾರಿಗಳ ಮೇಲಿನ ಇಲಾಖಾ ವಿಚಾರಣೆ, ಗುತ್ತಿಗೆದಾರರ ಹೆಸರುಗಳಂಥ ವಿಷಯಗಳಲ್ಲಿ ಇನ್ನು ಮುಂದೆ ನೆಚ್ಚಬಹುದಾದದ್ದು ಕಲಂ 8(2) ಮಾತ್ರ. ಮಾಹಿತಿ ಬಹಿರಂಗದಿಂದ ಸಾರ್ವಜನಿಕರಿಗೆ ಆಗುವ ಹಿತ ಹಾನಿಗಿಂತ ದೊಡ್ಡದೆಂಬುದನ್ನು ಅರ್ಜಿದಾರರು ತೋರಿಸಬೇಕಾಗುತ್ತದೆ. ಹಿಂಬರಹ ಬಂದ ಮೇಲೆ ವಾದಿಸುವ ಬದಲು, 150 ಪದಗಳಲ್ಲಿ ಇಪ್ಪತ್ತನ್ನಾದರೂ ಈ ಕಾರಣಕ್ಕೆ ಮೀಸಲಿಟ್ಟು ಮೊದಲ ಅರ್ಜಿಯಲ್ಲೇ ಬರೆದುಬಿಡುವುದು ಒಳ್ಳೆಯದು.