ಡಬ್ಬದ ಮೇಲೆ ‘ಯುವಿಬಿ’ ಅಂತ ಇದ್ದ ಮಾತ್ರಕ್ಕೆ ನಂಬಬೇಡಿ: ಬಿಯರ್ಡೆಡ್ ಡ್ರ್ಯಾಗನ್ ಸಾಕುವವರಿಗೆ

ಬಿಯರ್ಡೆಡ್ ಡ್ರ್ಯಾಗನ್ ಅನ್ನುವ ಹಲ್ಲಿ ಜಾತಿಯ ಪ್ರಾಣಿ ಸಾಕುವ ಯೋಚನೆ ಇದ್ದರೆ, ‘ಬೇಕಾದ್ದೆಲ್ಲ ಇದರಲ್ಲೇ ಇದೆ’ ಅಂತ ಅಂಗಡಿಯವರು ಕೊಡುವ ಸ್ಟಾರ್ಟರ್ ಕಿಟ್ಟನ್ನು ಮಾತ್ರ ತರಬೇಡಿ. ನಾವು ತಂದೆವು. ವರ್ಷ ತುಂಬುವ ಮೊದಲೇ ನಮ್ಮ ಕೆಂಚನ ದವಡೆ ರಬ್ಬರಿನ ಹಾಗೆ ಮೆತ್ತಗಾಯಿತು, ಒಂದು ಹಿಂಗಾಲು ಸೊಟ್ಟಗಾಯಿತು. ದವಡೆ ಈಗ ಗಟ್ಟಿಯಾಗಿದೆ. ಕಾಲು ಮಾತ್ರ ಇನ್ನು ನೆಟ್ಟಗಾಗುವುದಿಲ್ಲ ಅಂತ ಡಾಕ್ಟರ್ ಹೇಳಿಬಿಟ್ಟಿದ್ದಾರೆ.

ನಾವಿರುವುದು ಇಂಗ್ಲೆಂಡಿನ ಲೀಡ್ಸ್ ಹತ್ತಿರ. ಇಲ್ಲಿ ನಾಯಿ ಬೆಕ್ಕು ಇಟ್ಟುಕೊಳ್ಳಲು ಮನೆ ಮಾಲೀಕರು ಒಪ್ಪದಿದ್ದರೆ ಜನ ಇಂಥ ಪ್ರಾಣಿ ತರುತ್ತಾರೆ. ಮಗಳ ಶಾಲೆಯಲ್ಲೂ ಒಂದಿತ್ತು, ಅಲ್ಲಿಂದಲೇ ಶುರುವಾಯಿತು ಹಟ. ವಿಡಿಯೋ ಕಾಲಲ್ಲಿ ನೋಡಿದ ನಮ್ಮಮ್ಮ ‘ಬೇಲಿ ಮೇಲಿನ ಓತಿಕ್ಯಾತಕ್ಕೆ ದುಡ್ಡು ಕೊಟ್ರಾ?’ ಅಂತ ನಕ್ಕರು. ಅವರು ಹೇಳಿದ್ದು ತಪ್ಪೇನಲ್ಲ. ಎರಡೂ ಅಗಾಮಿಡೇ ಅನ್ನುವ ಒಂದೇ ಕುಟುಂಬಕ್ಕೆ ಸೇರಿದವು. ಆದರೆ ಇದರ ಮೂಲ ಆಸ್ಟ್ರೇಲಿಯಾದ ಒಳನಾಡಿನ ಒಣ ಪ್ರದೇಶ. ಅಲ್ಲಿ ಇದು ಬೇಲಿ ಗೂಟ, ಮರದ ಕೊಂಬೆ ಹತ್ತಿ ಉರಿಬಿಸಿಲಿಗೆ ಬೆನ್ನು ಕೊಟ್ಟು ಕೂರುತ್ತದೆ. ಆ ಬಿಸಿಲಿನ ಎರಡು ಕೆಲಸವನ್ನೂ, ಅಂದರೆ ಕಾವು ಮತ್ತು ಯುವಿಬಿ ಅನ್ನುವ ಅತಿನೇರಳೆ ಕಿರಣ, ನಾವು ಪೆಟ್ಟಿಗೆಯೊಳಗೆ ಮಾಡಿಕೊಡಬೇಕು. ಕಾವು ಕಮ್ಮಿಯಾದರೆ ತಿಂದದ್ದು ಅರಗುವುದಿಲ್ಲ. ಯುವಿಬಿ ಇಲ್ಲದಿದ್ದರೆ ಚರ್ಮದಲ್ಲಿ ಡಿ3 ವಿಟಮಿನ್ ತಯಾರಾಗುವುದಿಲ್ಲ. ಡಿ3 ಇಲ್ಲದೆ ಎಷ್ಟು ಕ್ಯಾಲ್ಸಿಯಂ ಪುಡಿ ಉದುರಿಸಿದರೂ ಮೈಗೆ ಹತ್ತುವುದು ಕಷ್ಟ. ಆಗ ದೇಹ ತನ್ನ ಮೂಳೆಯಿಂದಲೇ ಕ್ಯಾಲ್ಸಿಯಂ ಕಿತ್ತು ರಕ್ತಕ್ಕೆ ಕೊಡುತ್ತದೆ. ಕೆಂಚನಿಗೆ ಆದದ್ದು ಅದೇ. ಮೆಟಬಾಲಿಕ್ ಬೋನ್ ಡಿಸೀಸ್ ಅಂತಾರೆ.

ಈಗ ಕಿಟ್ಟಿನ ವಿಷಯ. ಎರಡಡಿ ಉದ್ದದ ಗಾಜಿನ ತೊಟ್ಟಿ, ಮೇಲೆ ಸಣ್ಣ ಕಣ್ಣಿನ ಜಾಲರಿ, ಹಗಲಿಗೊಂದು ಬಿಳಿ ಬಲ್ಬು, ರಾತ್ರಿಗೊಂದು ಕೆಂಪು ಬಲ್ಬು, ಅಡಿಗೆ ಹಾಸಲು ಹೀಟ್ ಮ್ಯಾಟ್, ಗಾಜಿಗೆ ಅಂಟಿಸುವ ಮುಳ್ಳಿನ ಥರ್ಮಾಮೀಟರ್. ಕಾವನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಇರಲಿಲ್ಲ. ‘ಬೇಡವಾ?’ ಅಂತ ನಾನು ಕೇಳಿದೆ. ‘ಇಷ್ಟು ಸಣ್ಣ ಬಲ್ಬಿಗೆ ಏನೂ ಬೇಡ’ ಅಂದರು. ‘ಯುವಿಬಿ ಬೇರೆ ಬೇಕಾ?’ ಅಂತಲೂ ಕೇಳಿದೆ. ಬಿಳಿ ಬಲ್ಬಿನ ಡಬ್ಬ ತಿರುಗಿಸಿ ತೋರಿಸಿದರು. ‘ಯುವಿಎ + ಯುವಿಬಿ, ಟೂ ಇನ್ ಒನ್’ ಅಂತ ದಪ್ಪ ಅಕ್ಷರದಲ್ಲಿತ್ತು.

ಅದೇ ದೊಡ್ಡ ಸುಳ್ಳು. ಒಳಗಿದ್ದದ್ದು ಬರೀ ಹ್ಯಾಲೊಜೆನ್ ಬಲ್ಬು. ಹ್ಯಾಲೊಜೆನ್ ಒಳ್ಳೆ ಕಾವು ಕೊಡುತ್ತದೆ, ಒಂಚೂರು ಯುವಿಎ (ಇನ್ನೊಂದು ಬಗೆಯ ಅತಿನೇರಳೆ ಕಿರಣ) ಕೂಡ ಕೊಡುತ್ತದೆ. ಮೂಳೆಗೆ ಬೇಕಾದ ಯುವಿಬಿಯನ್ನು ಮಾತ್ರ ಕೊಡುವುದಿಲ್ಲ. ಒಂದೇ ಬಲ್ಬಿನಲ್ಲಿ ಕಾವೂ ಯುವಿಬಿಯೂ ಬೇಕೆಂದರೆ ಪಾದರಸದ ಆವಿಯ ಬಲ್ಬು ಅಥವಾ ಮೆಟಲ್ ಹಾಲೈಡ್ ಇರಬೇಕು. ಅವು ಅಷ್ಟು ಅಗ್ಗಕ್ಕೆ ಬರುವುದಿಲ್ಲ, ಇಂಥ ಪುಟ್ಟ ತೊಟ್ಟಿಗೆ ಹೊಂದುವುದೂ ಇಲ್ಲ. ತೊಂದರೆ ಏನೆಂದರೆ ಯುವಿಬಿ ನಮ್ಮ ಕಣ್ಣಿಗೆ ಕಾಣುವುದಿಲ್ಲ. ತೊಟ್ಟಿ ಝಗಮಗ ಅಂತ ಹೊಳೆಯುತ್ತಿರುತ್ತದೆ, ನೋಡಿದವರಿಗೆ ಎಲ್ಲಾ ಸರಿ ಇದೆ ಅನ್ನಿಸುತ್ತದೆ.

ಮೊದಲು ಕಂಡದ್ದು ಕಾಲ್ಬೆರಳಿನ ನಡುಕ. ಅಂಗಡಿಗೆ ಫೋನ್ ಮಾಡಿದರೆ ‘ಬೆಳೆಯೋ ಮರಿ, ಹಾಗೇ ಆಗತ್ತೆ’ ಅಂದರು. ಆಮೇಲೆ ಹುಳ ಹಿಡಿಯುವಾಗ ಗುರಿ ತಪ್ಪತೊಡಗಿತು, ಹೊಟ್ಟೆ ಎತ್ತಿ ನಡೆಯುವುದು ಹೋಗಿ ತೆವಳುವುದು ಶುರುವಾಯಿತು. ಹತ್ತಿರದ ಕ್ಲಿನಿಕ್‌ನವರು ಹಲ್ಲಿ ಜಾತಿಯನ್ನು ನೋಡುವುದಿಲ್ಲ ಅಂದರು. ಸರೀಸೃಪ ನೋಡುವ ಡಾಕ್ಟರನ್ನು ಹುಡುಕಿ ಇನ್ನೊಂದು ಊರಿಗೆ ಹೋದೆವು. ಎಕ್ಸ್‌ರೇಯಲ್ಲಿ ಮೂಳೆಗಳು ಮಸುಕಾಗಿ, ಅಕ್ಕಪಕ್ಕದ ಮಾಂಸದಿಂದ ಬೇರೆ ಮಾಡಲು ಆಗದಷ್ಟು ತೆಳ್ಳಗೆ ಕಾಣುತ್ತಿದ್ದವು. ಕಿಟ್ಟಿಗೆ ಕೊಟ್ಟದ್ದಕ್ಕಿಂತ ಜಾಸ್ತಿ ದುಡ್ಡು ಅವತ್ತೇ ಖರ್ಚಾಯಿತು.

ಆ ಡಾಕ್ಟರ್ ಬಲ್ಬು ತರಿಸಿ, ಸೋಲಾರ್‌ಮೀಟರ್ 6.5 ಅನ್ನುವ ಯುವಿ ಇಂಡೆಕ್ಸ್ (ಯುವಿ ಕಿರಣ ಎಷ್ಟು ಜೋರಾಗಿದೆ ಅನ್ನುವ ಅಂಕಿ) ಅಳೆಯುವ ಉಪಕರಣ ಹಿಡಿದು ತೋರಿಸಿದರು. ಬಿಸಿಲು ಕಾಯಿಸುವ ಜಾಗದಲ್ಲಿ, ಪ್ರಾಣಿಯ ಬೆನ್ನಿನ ಎತ್ತರಕ್ಕೆ 3ರಿಂದ 5 ಇರಬೇಕಾದದ್ದು. ನಮ್ಮ ಬಲ್ಬಿಗೆ ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದರೂ 0.0 ಬಂತು. ‘ಕಿಟಕಿ ಪಕ್ಕ ಇಟ್ಟಿದ್ದೆವಲ್ಲ’ ಅಂತ ನನ್ನ ಹೆಂಡತಿ ಅಂದಳು. ಕಿಟಕಿ ಗಾಜು ಯುವಿಬಿಯನ್ನು ಒಳಗೆ ಬಿಡುವುದೇ ಇಲ್ಲವಂತೆ. ಅದೂ ಅಲ್ಲದೆ ಇಲ್ಲಿ ಡಿಸೆಂಬರ್‌ನಲ್ಲಿ ಹೊರಗೆ ನಿಂತರೂ ಯುವಿ ಇಂಡೆಕ್ಸ್ ಒಂದನ್ನು ದಾಟುವುದು ಕಷ್ಟ.

ಕಾವಿನದ್ದು ಇನ್ನೊಂದು ಕಥೆ. ಗಾಜಿಗೆ ಅಂಟಿಸಿದ ಮುಳ್ಳು 36 ಡಿಗ್ರಿ ತೋರಿಸುತ್ತಿತ್ತು. ಅದು ಅಳೆಯುವುದು ಗಾಜಿನ ಪಕ್ಕದ ಗಾಳಿಯನ್ನು, ಪ್ರಾಣಿ ಕೂರುವ ಕಲ್ಲನ್ನಲ್ಲ. ಇನ್‌ಫ್ರಾರೆಡ್ ಗನ್ ತಂದು ಕಲ್ಲಿಗೆ ಹಿಡಿದರೆ 53! ತಂಪು ಕಡೆ 33. ಕಲ್ಲು 40–42, ತಂಪು ಕಡೆ 24–26 ಇರಬೇಕಾದ ಪ್ರಾಣಿ ಇದು. ಎರಡಡಿ ತೊಟ್ಟಿಯಲ್ಲಿ ಅಷ್ಟು ಅಂತರ ಬರುವುದೇ ಇಲ್ಲ. ತಪ್ಪಿಸಿಕೊಳ್ಳಲು ಜಾಗ ಎಲ್ಲಿದೆ ಪಾಪ. ಬಿಸಿ ಜಾಗದಲ್ಲಿ ಕೂತಾಗ ಸ್ವಲ್ಪ ಹೊತ್ತು ಬಾಯಿ ತೆರೆಯುವುದು ಸಹಜ. ದೂರದ ಮೂಲೆಗೆ ಹೋಗಿ, ಗಾಜಿಗೆ ಅಂಟಿಕೊಂಡು, ಅಲ್ಲೂ ಬಾಯಿ ತೆರೆದುಕೊಂಡೇ ಇದ್ದರೆ ಸಹಜ ಅಲ್ಲ. ಅಂಗಡಿಯವರು ಇದಕ್ಕೂ ‘ಖುಷಿಯಾಗಿದೆ’ ಅಂದಿದ್ದರು.

ಹೀಟ್ ಮ್ಯಾಟ್ ಈ ಪ್ರಾಣಿಗೆ ಬೇಡವೇ ಬೇಡ. ಇದು ಮೇಲಿನಿಂದ ಬರುವ ಕಾವಿಗೆ ಒಗ್ಗಿದ್ದು. ಕೆಳಗಿನಿಂದ ಬಿಸಿಯಾದರೆ ಹೊಟ್ಟೆ ಸುಟ್ಟುಕೊಳ್ಳುವ ಭಯ. ಕರೆಂಟಿನ ‘ಬಿಸಿ ಕಲ್ಲು’ ಮಾರುತ್ತಾರಲ್ಲ, ಅದು ಇನ್ನೂ ಅಪಾಯ. ಕೆಂಪು ಬಲ್ಬನ್ನು ಪ್ರಾಣಿ ನೋಡಲಾರದು ಅನ್ನುವುದು ಸುಳ್ಳು. ಅದರ ನೆತ್ತಿಯ ಮೇಲೆ ಬೆಳಕು ಗುರುತಿಸುವ ಮೂರನೇ ಕಣ್ಣೇ ಇದೆ, ಶಿವನ ಹಣೆಗಣ್ಣಲ್ಲ, ನಿಜವಾಗಿಯೂ! ರಾತ್ರಿ ಪೂರ್ತಿ ಕತ್ತಲೆ ಬೇಕು. 18 ಡಿಗ್ರಿವರೆಗೆ ಇಳಿದರೂ ಆರೋಗ್ಯವಾಗಿರುವ ದೊಡ್ಡ ಪ್ರಾಣಿ ತಡೆದುಕೊಳ್ಳುತ್ತದೆ. ಅದಕ್ಕಿಂತ ಕೆಳಗೆ ಹೋಗುವ ಮನೆಯಾದರೆ ಬೆಳಕು ಬಾರದ ಸಿರಾಮಿಕ್ ಹೀಟರ್ ಹಾಕಿ. ಅದಕ್ಕೆ ಪಿಂಗಾಣಿ ಹೋಲ್ಡರ್ರೇ ಬೇಕು, ಪ್ಲಾಸ್ಟಿಕ್ಕಿನದ್ದು ಕರಗುತ್ತದೆ. ಮೈ ತಾಗದ ಹಾಗೆ ಸುತ್ತ ತಂತಿ ಬುಟ್ಟಿಯೂ ಬೇಕು.

ಈಗ ನಮ್ಮಲ್ಲಿರುವುದು ನಾಲ್ಕಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಮರದ ಪೆಟ್ಟಿಗೆ. ಒಂದು ಕಡೆ ಮಾಮೂಲಿ ಹ್ಯಾಲೊಜೆನ್ ಸ್ಪಾಟ್, ಬಲ್ಬನ್ನು ಮಂದ ಮಾಡಿ ಕಾವು ಹದದಲ್ಲಿಡುವ ಡಿಮ್ಮಿಂಗ್ ಥರ್ಮೋಸ್ಟಾಟ್ ಮೂಲಕ. ಆನ್–ಆಫ್ ಥರ್ಮೋಸ್ಟಾಟ್ ಹಾಕಿದರೆ ಬಲ್ಬು ದಿನವಿಡೀ ಮಿಣುಕುತ್ತದೆ. ಒಳಗೇ, ಮೇಲ್ಭಾಗದಲ್ಲಿ, ರಿಫ್ಲೆಕ್ಟರ್ ಇರುವ 12 ಪರ್ಸೆಂಟ್ ಯುವಿಬಿಯ ಟಿ5 ಟ್ಯೂಬು, ಅಂದರೆ ಸಣಕಲು ಟ್ಯೂಬ್ ಲೈಟು. ಕಾವಿನ ಬಲ್ಬಿನ ಕಡೆಯಿಂದ ಶುರುವಾಗಿ ಪೆಟ್ಟಿಗೆಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಉದ್ದ ಇದೆ. ಡಿ3 ತಯಾರಾಗಲು ಯುವಿಬಿ ಜೊತೆ ಮೈ ಕಾವೂ ಬೇಕು, ಅದಕ್ಕೇ ಎರಡೂ ಒಂದೇ ಕಡೆ. ಬೆನ್ನಿಗೂ ಟ್ಯೂಬಿಗೂ ಸುಮಾರು 35 ಸೆಂಟಿಮೀಟರ್ ಅಂತರ. ಜಾಲರಿಯ ಮೇಲೆ ಟ್ಯೂಬ್ ಇಡುವುದಾದರೆ ಮೂರನೇ ಒಂದು ಭಾಗವೋ ಅದಕ್ಕಿಂತ ಜಾಸ್ತಿಯೋ ಜಾಲರಿಯೇ ತಿಂದುಹಾಕುತ್ತದೆ, ಲೆಕ್ಕ ಬದಲಾಗುತ್ತದೆ. ಟ್ಯೂಬು ಉರಿಯುತ್ತಿದ್ದರೂ ಯುವಿಬಿ ಕಮ್ಮಿಯಾಗುತ್ತಾ ಹೋಗುತ್ತದೆ. ಮೀಟರ್ ಇಲ್ಲದವರು ವರ್ಷಕ್ಕೊಮ್ಮೆ ಬದಲಿಸುವುದೇ ಒಳ್ಳೆಯದು. ಒಳ್ಳೆ ತಯಾರಕರು ಎಷ್ಟು ದೂರದಲ್ಲಿ ಎಷ್ಟು ಯುವಿ ಇಂಡೆಕ್ಸ್ ಸಿಗುತ್ತದೆ ಅಂತ ಲೆಕ್ಕ ಕೊಟ್ಟಿರುತ್ತಾರೆ. ಅದಿಲ್ಲದ ಡಬ್ಬವನ್ನು ನಾನು ಮುಟ್ಟುವುದಿಲ್ಲ.

ಅಂಗಡಿಯವರ ಜೊತೆ ಜಗಳ ತುಂಬಾ ದಿನ ನಡೆಯಿತು. ಇಲ್ಲಿ 2015ರ ಗ್ರಾಹಕ ಹಕ್ಕುಗಳ ಕಾಯ್ದೆ ಪ್ರಕಾರ ವಸ್ತು ಡಬ್ಬದ ಮೇಲೆ ಹೇಳಿದ ಹಾಗೇ ಇರಬೇಕು. ಡಾಕ್ಟರ ಪತ್ರ ಕೊಟ್ಟ ಮೇಲೆ ಬಲ್ಬಿನ ದುಡ್ಡು ವಾಪಸ್ ಕೊಟ್ಟರು, ಆಸ್ಪತ್ರೆ ಖರ್ಚು ಕೊಡಲಿಲ್ಲ. ಕಿಟ್ ಈಗಲೂ ಮಾರುತ್ತಿದ್ದಾರೆ. ಹೊಟ್ಟೆ ಉರಿಯುತ್ತದೆ.

ಬೆಂಗಳೂರಿನಲ್ಲಿ ಇದನ್ನು ಸಾಕುವ ಗೆಳೆಯರೊಬ್ಬರು ಆನ್‌ಲೈನಲ್ಲಿ ತರಿಸಿದ ಬಲ್ಬಿನ ಫೋಟೋ ಕಳಿಸಿದ್ದರು. ಅದೇ ‘ಟೂ ಇನ್ ಒನ್’. ಅಲ್ಲಿಯವರಿಗೆ ಒಂದು ಅನುಕೂಲ ಇದೆ, ನಿಜವಾದ ಬಿಸಿಲು. ಬೆಳಗಿನ ಬಿಸಿಲಿಗೆ ತಂತಿ ಪಂಜರದಲ್ಲಿ, ಅರ್ಧ ನೆರಳು ಮಾಡಿ, ಪಕ್ಕದಲ್ಲೇ ಕೂತು ಸ್ವಲ್ಪ ಹೊತ್ತು ಬಿಡಿ. ಹದ್ದು, ಕಾಗೆ, ಬೆಕ್ಕಿನ ಮೇಲೆ ಕಣ್ಣಿರಲಿ. ಗಾಜಿನ ತೊಟ್ಟಿಯನ್ನು ಮಾತ್ರ ಬಿಸಿಲಿಗೆ ಇಡಬೇಡಿ, ನಿಮಿಷಗಳಲ್ಲಿ ಬೆಂದುಹೋಗುತ್ತದೆ.

ಈಗಾಗಲೇ ಮನೆಯಲ್ಲಿ ಇದ್ದರೆ ಇವತ್ತೇ ನೋಡಿ: ಬೆರಳು ನಡುಗುತ್ತಿದೆಯಾ, ಕೆಳದವಡೆ ಊದಿದೆಯಾ, ನಡೆಯುವಾಗ ಮೈ ನೆಲಕ್ಕೆ ಎಳೆಯುತ್ತಿದೆಯಾ? ದವಡೆ ಒತ್ತಿ ಪರೀಕ್ಷೆ ಮಾಡಲು ಹೋಗಬೇಡಿ, ಮುರಿದೀತು. ಸೀದಾ ಸರೀಸೃಪ ನೋಡುವ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಬಲ್ಬಿನ ಡಬ್ಬ ಮತ್ತು ಪೆಟ್ಟಿಗೆಯ ಫೋಟೋ ಜೊತೆಗಿರಲಿ, ನಮ್ಮ ಡಾಕ್ಟರ್ ಎಲ್ಲಕ್ಕಿಂತ ಮೊದಲು ಕೇಳಿದ್ದು ಅದನ್ನೇ.